ಅಣಬೆಯ ಜೊತೆ ಚೌಕಾಶಿ

ಜಗತ್ತಿನಲ್ಲಿ ಇಳಿಯದ ಬೆಲೆ ಎಂಬುದೇ ಇಲ್ಲ. ಇದು ನನ್ನ ಜೀವನದ ಸಾರ. ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ಬೆಲ್ಲದುಂಡೆಯ ಪೆಂಟೆ ಹೊರುವ ಕೆಲಸದಿಂದ ಶುರು ಮಾಡಿದವನು ನಾನು. ಇಂದು ಇಚಲಕರಂಜಿಯ ಶಹಾಪುರದಲ್ಲಿ ಎಂಟು ಪವರ್‌ಲೂಮುಗಳ ಶೆಡ್ಡಿನ ಮಾಲೀಕ. ನಡುವಿನ ದಾರಿಯನ್ನೆಲ್ಲ ಚೌಕಾಶಿ ಮಾಡುತ್ತಲೇ ನಡೆದಿದ್ದೇನೆ. ಡಾಕ್ಟರು ಹತ್ತು ದಿನ ವಿಶ್ರಾಂತಿ ಎಂದರೆ ಆರಕ್ಕೆ ಮುಗಿಸಿದ್ದೇನೆ. ನನ್ನ ಮದುವೆಯ ಮುಹೂರ್ತ ಹನ್ನೆರಡೂ ಹತ್ತಕ್ಕಿತ್ತು; ಪಂಡಿತರ ಜೊತೆ ಮಾತಾಡಿ ಹನ್ನೆರಡಕ್ಕೆ ಇಳಿಸಿದ್ದೇನೆ. ಆ ಹತ್ತು ನಿಮಿಷದಿಂದ ನನಗೇನು ಲಾಭವಾಯಿತು ಎಂದು ಹೆಂಡತಿ ಇಂದಿಗೂ ಕೇಳುತ್ತಾಳೆ. ಲಾಭದ ಪ್ರಶ್ನೆಯಲ್ಲ, ಅಭ್ಯಾಸದ ಪ್ರಶ್ನೆ!

ಹೀಗಿರುವಾಗ, ನನ್ನ ಶೆಡ್ಡಿನ ಪ್ಲಾಸ್ಟಿಕ್ ಧೂಳನ್ನೆಲ್ಲ ಒಂದು ತಿಂಗಳೊಳಗೆ ಅಣಬೆಗೆ ತಿನ್ನಿಸಿ ಮುಗಿಸುತ್ತೇನೆಂದು ಗಲ್ಲಿಯ ಹಿರಿಯರ ಮುಂದೆ ಮಾತು ಕೊಟ್ಟಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಣಬೆಗಳನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ವಿಷಯ ಶುರುವಾದದ್ದು ಹಪ್ಪಳದಿಂದ. ನಮ್ಮ ಶೆಡ್ಡಿಗೆ ಹತ್ತಿಕೊಂಡ ಮನೆ, ಗಲ್ಲಿಗೆಲ್ಲ ಚಿಕ್ಕಮ್ಮನಾದ ಗಂಗವ್ವ ಕಾಕುವಿನದು. ಗಂಡ ತೀರಿಕೊಂಡ ಮೇಲೆ ಆಕೆ ಹಪ್ಪಳ ಲಟ್ಟಿಸಿ, ಮಾಳಿಗೆಯ ಮೇಲೆ ಒಣಗಿಸಿ, ಹೋಟೆಲುಗಳಿಗೆ ಕೊಟ್ಟು ಮನೆ ನಡೆಸುವವಳು. ನನ್ನ ಶೆಡ್ಡಿನ ಗಾಳಿ ಹೊರಹಾಕುವ ದೊಡ್ಡ ಫ್ಯಾನು ಸರಿಯಾಗಿ ಆ ಮಾಳಿಗೆಯತ್ತ ಮುಖ ಮಾಡಿತ್ತು. ನಾವು ನೇಯುವುದು ಹತ್ತಿ ಮತ್ತು ಪಾಲಿಯೆಸ್ಟರ್ ಕೂಡಿದ ಬಟ್ಟೆ. ಮಗ್ಗ ಓಡಿದಂತೆ ನೂಲಿನ ಸಣ್ಣ ಎಳೆಗಳು ಹಾರುತ್ತವೆ, ಫ್ಯಾನು ಅವನ್ನು ಹೊರಗೆ ದೂಡುತ್ತದೆ, ಮುಂದಿನದು ದೇವರ ಚಿತ್ತ.

ಸಂಕ್ರಾಂತಿ ಮುಗಿದು ಹಪ್ಪಳದ ಹಂಗಾಮು ಶುರುವಾದ ಹೊಸದರಲ್ಲಿ ಕಾಕು ಒಂದು ಹಪ್ಪಳ ಹಿಡಿದು ಬಂದಳು. ಹಿಂದೆ ಗಲ್ಲಿಯ ಹಿರಿಯರಾದ ಅಪ್ಪಾಸಾಹೇಬ ದಾದಾ, ಅವರ ಹಿಂದೆ ಇನ್ನೂ ನಾಲ್ಕು ಜನ.

"ಜಿನ್ನಪ್ಪಾ, ಇದನ್ನ ಬೆಳಕಿಗೆ ಹಿಡದ ನೋಡು," ಎಂದಳು.

ಹಿಡಿದೆ. ಹಪ್ಪಳದೊಳಗೆ ಗುಲಾಬಿ, ನೀಲಿ, ಹಸಿರು ಎಳೆಗಳು ಕೈಯಿಂದ ಬಿಡಿಸಿದ ಚಿತ್ತಾರದ ಹಾಗೆ ಹರಡಿದ್ದವು.

"ಭಾಳ ಛಂದ ಕಾಣತೈತ್ರಿ ಕಾಕು."

"ಛಂದ ಕಾಣತೈತಿ? ಹೋಟೆಲಿನವರು ಎರಡು ಡಬ್ಬಿ ಹೊಳ್ಳಿ ಕಳಸ್ಯಾರ! ಹಪ್ಪಳ ತಿಂದ ಗಿರಾಕಿ ಬಾಯಾಗಿಂದ ಗೇಣುದ್ದ ನೂಲು ಜಗ್ಯಾನಂತ. ಅಂವಾ ನಾಷ್ಟಾ ಮಾಡಾಕ ಬಂದಿದ್ನೋ, ಸೀರಿ ನೇಯಾಕ ಬಂದಿದ್ನೋ? ನನ್ನ ಮನಿ ನಿಂತಿದ್ದ ಈ ಹಪ್ಪಳದ ಮ್ಯಾಲಪಾ. ನಾ ಪಾಲಿಕೆಗೆ ಅರ್ಜಿ ಕೊಡತೇನಿ."

ಅಪ್ಪಾಸಾಹೇಬ ದಾದಾ ನಿವೃತ್ತ ಮಾಸ್ತರರು. ತೀರ್ಪು ಕೊಡುವಾಗ ಈಗಲೂ ಬೆರಳಲ್ಲಿ ಸೀಮೆಸುಣ್ಣ ಹಿಡಿದವರಂತೆ ಕೈ ಎತ್ತುತ್ತಾರೆ. "ಬರೂ ಹುಣ್ಣಿಮಿತನಾ ಟೈಮ್ ಕೊಡೂಣು. ಅಷ್ಟರಾಗ ಧೂಳ ಬಂದ್ ಆತೋ, ಸಂತೋಷ. ಆಗಲಿಲ್ಲೋ, ಶೆಡ್ಡಿಗೆ ಕೀಲಿ. ನಾವೆಲ್ಲಾರೂ ಕಾಕೂನ ಅರ್ಜಿಗೆ ಸಹಿ ಮಾಡತೇವಿ."

ಎಂಟು ಮಗ್ಗ, ಆರು ನೇಕಾರರು, ನನ್ನ ಇಡೀ ಬಾಳಿನ ಗಳಿಕೆ, ಎಲ್ಲ ಒಂದು ಹಪ್ಪಳದ ಮೇಲೆ ಬಂದು ನಿಂತಿತ್ತು.

ಬುದ್ಧಿ ಹೇಳುವುದು ನನ್ನ ಹವ್ಯಾಸ. ಬುದ್ಧಿ ಕೇಳುವುದು ನನಗೆ ಒಗ್ಗದ ಕೆಲಸ. ಆದರೂ ಕೊಲ್ಹಾಪುರಕ್ಕೆ ಹೋದೆ. ನನ್ನ ಅಕ್ಕನ ಮಗಳು ರತ್ನಮಾಲಾ ಅಲ್ಲಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಧೂಳಿನ ಕಥೆ ಕೇಳಿ ಆಕೆ ಗಂಭೀರಳಾದಳು.

"ಮಾಮಾ, ಅದು ಬರೇ ಧೂಳಲ್ಲ. ಪಾಲಿಯೆಸ್ಟರ್ ಅಂದ್ರ ಪ್ಲಾಸ್ಟಿಕ್. ಕಣ್ಣಿಗೆ ಕಾಣಲಾರದಷ್ಟ ಸಣ್ಣ ಆಗಿ ನೀರಾಗ, ಮಣ್ಣಾಗ, ಹೊಟ್ಯಾಗ ಎಲ್ಲಾ ಕಡೆ ಸೇರತೈತಿ. ಕೊಳಿಯೂದಿಲ್ಲ."

"ಅದಕ್ಕ ಔಷಧ ಇಲ್ಲೇನವಾ?"

"ಈಗೀಗ ಅಣಬಿ ಮ್ಯಾಲ ಪ್ರಯೋಗ ನಡದಾವು. ತಿನ್ನೂ ಅಣಬಿಯೊಳಗನೂ ಕೆಲವು ಜಾತಿ, ಕೆಲವು ನಮೂನಿ ಪ್ಲಾಸ್ಟಿಕ್ಕನ್ನ ಸ್ವಲ್ಪ ಸ್ವಲ್ಪ ಒಡಿತಾವೇನೋ ಅಂತ ನೋಡಾಕತ್ತಾರ. ಆದ್ರ ಅದೆಲ್ಲಾ ಪ್ರಯೋಗಶಾಲೆಯೊಳಗ..."

'ಆದರೆ'ಯ ನಂತರ ಬರುವುದನ್ನು ಕೇಳುವ ಅಭ್ಯಾಸ ವ್ಯಾಪಾರಿಗಿಲ್ಲ. "ಎಷ್ಟು ತಿಂಗಳು ಹಿಡಿತೈತಿ?" ಎಂದೆ.

"ಹೇಳಾಕ ಬರೂದಿಲ್ಲ ಮಾಮಾ. ಆರು ತಿಂಗಳಾಗಬಹುದು, ವರ್ಷ ಆಗಬಹುದು, ಆಗಲಾರದನೂ ಇರಬಹುದು."

"ಆರು ಭಾಳಾತು. ನಾ ಮನಿ ಮನಷ್ಯಾ. ಒಂದ ತಿಂಗಳಕ್ಕ ಮುಗಸು."

ರತ್ನಮಾಲಾ ಜೋರಾಗಿ ನಕ್ಕಳು.

ನಮ್ಮ ಪೇಟೆಯಲ್ಲಿ ಮಾರುವವನು ನಕ್ಕನೆಂದರೆ ಸೌದಾ ಕುದುರಿತು ಎಂದರ್ಥ. ಒಂದು ತಿಂಗಳು ಎಂದು ಮನಸ್ಸಿನಲ್ಲೇ ಬರೆದುಕೊಂಡು, ಆಕೆ ಕೊಟ್ಟ ಚಹಾ ಕುಡಿದು ಎದ್ದೆ. ಮರುದಿನವೇ ಅಪ್ಪಾಸಾಹೇಬ ದಾದಾರ ಕಟ್ಟೆಗೆ ಹೋಗಿ, ಅಣಬೆಯ ಕಾರ್ಯಶಕ್ತಿಯ ಕುರಿತು ಅರ್ಧ ಗಂಟೆ ಭಾಷಣ ಮಾಡಿದೆ. ದಾದಾ ಕಣ್ಣು ಮುಚ್ಚಿ ಕೇಳಿದರು. ಗಂಗವ್ವ ಕಾಕು ಮಾತ್ರ, "ಅಣಬಿ ಪ್ಲಾಸ್ಟಿಕ್ ತಿಂತೈತಿ ಅಂದ್ರ ಊರಾಗಿನ ಗಟಾರದಾಗ ಇಷ್ಟೊತ್ತಿಗೆ ಅಣಬಿ ಕಾಡ ಬೆಳಿಬೇಕಾಗಿತ್ತಲ್ಲೋ?" ಎಂದಳು. ಓದದವರಿಗೆ ವಿಜ್ಞಾನ ತಿಳಿಸುವುದು ಕಷ್ಟ.

ಅಣಬೆಯ ಬೀಜ ಮಾರುವವನು ಗಡಹಿಂಗ್ಲಜದಲ್ಲಿ ಸಿಕ್ಕ. ಮಾರುತಿ ಎಂದು ಹೆಸರು. ಮೊದಲು ದನದ ದಲಾಲಿ ಮಾಡುತ್ತಿದ್ದನಂತೆ. ಅದನ್ನು ಕೇಳಿ ನನಗೆ ಹಳೆಯ ಹುರುಪು ಬಂತು. ಬೆಲ್ಲದ ಪೇಟೆಯಲ್ಲೂ ದನದ ಸಂತೆಯಲ್ಲೂ ನಡೆಯುವ ಒಂದು ವಿದ್ಯೆಯಿದೆ. ಕೊಳ್ಳುವವನು, ಮಾರುವವನು ಟವೆಲಿನ ಕೆಳಗೆ ಕೈ ಕೊಟ್ಟು, ಬೆರಳು ಒತ್ತಿ ವ್ಯವಹಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗಬಾರದು. ಅಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಒಂದು ಮುದಿ ನಾಯಿ ಇತ್ತು. ಆದರೂ ಗುಟ್ಟು ಗುಟ್ಟೇ! ಹೆಗಲ ಮೇಲಿನ ಟವೆಲು ತೆಗೆದು ಕೈ ಮುಚ್ಚಿ, ನಾಲ್ಕು ಬೆರಳು ಒತ್ತಿದೆ. ನಾಲ್ಕು ಪಾಕೀಟು ಬೀಜ ಎಂದರ್ಥ.

ಮಾರುತಿಯ ಮುಖ ಅರಳಿತು. ಪಾಕೀಟಿಗೆ ನಾನು ಹೇಳಿದ ದರಕ್ಕೆ ಒಂದೇ ಮಾತಿಗೆ ಒಪ್ಪಿದ. "ಶೇಟ್, ತುಮ್ಚ್ಯಾಸಾರಖಾ ಗಿರ್ಹಾಯಿಕ್ ನಾಹೀ! ನಿಮ್ಮಂಥ ಗಿರಾಕಿ ಇಲ್ರೀ. ಹುಲ್ಲನೂ ನಾನ ಕಳಸತೇನಿ, ಆಜರಾ ಕಡೀ ಭತ್ತದ ಹುಲ್ಲು," ಎಂದ.

ಓದುಗರೇ, ಇಲ್ಲೊಂದು ಕಿವಿಮಾತು. ಮಾರುವವನು ನಿಮ್ಮ ದರಕ್ಕೆ ಒಂದೇ ಮಾತಿಗೆ ಒಪ್ಪಿದರೆ ಅಲ್ಲಿಂದ ಓಡಿ. ನಾನು ಓಡಲಿಲ್ಲ. ಎಮ್ಮೆ ಗೆದ್ದವನಂತೆ ಬಸ್ಸು ಹತ್ತಿದೆ.

ಮೂರನೆಯ ದಿನ ಶೆಡ್ಡಿನ ಮುಂದೆ ಹುಲ್ಲು ತುಂಬಿದ ಟೆಂಪೋ ಬಂದು ನಿಂತಿತು. ಹುಲ್ಲಿನ ಮೇಲೆ ಮಾರುತಿ.

"ಚಾಳೀಸ್ ಪಾಕೀಟ್ ಶೇಟ್! ಎಣಿಸಿಕೋರಿ, ನಲವತ್ತು!"

"ನಲವತ್ತಾ? ನಾ ಹೇಳಿದ್ದು ನಾಕು!"

"ಟವೆಲ್ ಬುಡಕ ಒಂದ ಬಟ್ಟ ಅಂದ್ರ ನಮ್ಮ ಬಾಜಾರದಾಗ ಹತ್ತರೀ ಶೇಟ್. ನಾಕ ಬಟ್ಟ ಒತ್ತೀರಿ. ಬಿಡಿ ಲೆಕ್ಕಂದ್ರ ಮೊದಲ ಬಾಯಿಲೆ ಹೇಳಬೇಕಲ್ರೀ?"

ಹೌದು. ಒಂದು ಬೆರಳು ಎಂದರೆ ಒಂದೋ, ಹತ್ತೋ, ನೂರೋ ಎಂಬುದನ್ನು ಟವೆಲು ಹಾಕುವ ಮೊದಲು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಈ ಧಂದೆಯ ಮೊದಲ ಪಾಠವೇ ಅದು. ಆ ಪಾಠವನ್ನು ಎಷ್ಟೋ ಜನರಿಗೆ ನಾನೇ ಕಲಿಸಿದ್ದೇನೆ! ಈಗ ತಪ್ಪು ಒಪ್ಪಿಕೊಂಡರೆ ಪೇಟೆಯಲ್ಲಿ ಮರ್ಯಾದೆ ಏನು ಉಳಿದೀತು? "ಗೊತ್ತೈತಿ ಗೊತ್ತೈತಿ, ನಿನ್ನ ಪರೀಕ್ಷಾ ಮಾಡಿದೆ," ಎಂದು ನಲವತ್ತನ್ನೂ ಇಳಿಸಿಕೊಂಡೆ.

ಮಾರುತಿ ಹೇಳಿಕೊಟ್ಟ ಪ್ರಕಾರ ಹುಲ್ಲನ್ನು ಕುದಿಸಬೇಕಿತ್ತು. ಬಚ್ಚಲ ಮನೆಯ ಹಂಡೆಯಲ್ಲೇ ಕುದಿಸಿದೆ. ನನ್ನ ಹೆಂಡತಿ ಸುನಂದಾ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡಳು.

"ಏನ್ರೀ ಇದು, ಮಂದಿಗೆ ಸ್ನಾನದ ನೀರಿಲ್ಲ, ನೀವು ಹುಲ್ಲಿಗೆ ಸ್ನಾನಾ ಮಾಡಸಾಕತ್ತೀರಿ?"

"ಔಷಧ. ಧೂಳಿಗೆ ಔಷಧ."

ಅಣಬೆ ಎಂಬ ಶಬ್ದವನ್ನು ನಾನು ಉಚ್ಚರಿಸಲಿಲ್ಲ; ಕಟ್ಟೆಯ ಭಾಷಣ ಪುಣ್ಯಕ್ಕೆ ಆಕೆಯ ಕಿವಿಗೆ ಬಿದ್ದಿರಲಿಲ್ಲ. ನಾವು ಜೈನರು. ನಮ್ಮ ಮನೆಯಲ್ಲಿ ಈರುಳ್ಳಿ, ಗಡ್ಡೆಗಳೇ ಹೊಸ್ತಿಲು ದಾಟುವುದಿಲ್ಲ. ಅಣಬೆಯ ಹೆಸರೆತ್ತಿದರೆ ನಾನೇ ದಾಟುವಂತಿರಲಿಲ್ಲ. ತಿನ್ನುವುದಕ್ಕಲ್ಲವಲ್ಲ, ಧೂಳು ಗುಡಿಸುವುದಕ್ಕೆ ಎಂದು ನನ್ನ ಆತ್ಮಸಾಕ್ಷಿಯೊಡನೆ ಮಾತಾಡಿದೆ. ಆತ್ಮಸಾಕ್ಷಿ ಸ್ವಲ್ಪ ಬಿಗಿ ಹಿಡಿಯಿತು. ಕೊನೆಗೆ ಅರ್ಧಕ್ಕೆ ಒಪ್ಪಿತು.

ಕುದಿಸಿದ ಹುಲ್ಲು, ಶೆಡ್ಡಿನ ಹತ್ತು ಕಿಲೋ ನೂಲಿನ ಧೂಳು, ಅದರ ನಡುವೆ ಬೀಜ, ಹೀಗೆ ತುಂಬಿ ಕಟ್ಟಿದಾಗ ಎಂಬತ್ತು ಚೀಲಗಳಾದವು. ಅವೂ ಪ್ಲಾಸ್ಟಿಕ್ ಚೀಲಗಳೇ. ಒಳಗಿನದು ಮುಗಿದ ಮೇಲೆ ಚೀಲವನ್ನೂ ತಿನ್ನಲಿ ಎಂಬ ದೂರದೃಷ್ಟಿ! ಮಗ್ಗಗಳ ನಡುವೆ, ತೊಲೆಗಳಿಗೆ, ಎಲ್ಲೆಲ್ಲೂ ತೂಗುಹಾಕಿದೆ. ಜಾಗ ಸಾಲದೆ ಉಳಿದವನ್ನು ಹತ್ತಿ ನೂಲಿನ ಮೂಟೆಗಳ ಮೇಲಿಟ್ಟೆ. ಅಣಬೆಗೆ ತಂಪು ಬೇಕು, ತೇವ ಬೇಕು, ಗಾಳಿ ಹೊಡೆಯಬಾರದು ಎಂದು ಮಾರುತಿ ಹೇಳಿದ್ದರಿಂದ ಕಿಟಕಿ ಮುಚ್ಚಿ, ಫ್ಯಾನು ಬಂದ್ ಮಾಡಿ, ದಿನಕ್ಕೆ ಮೂರು ಸಲ ನೀರು ಸಿಂಪಡಿಸಿದೆ. ನೇಕಾರರು ಬೆವರಿನಲ್ಲಿ ತೊಯ್ದು, ಚೀಲಗಳಿಗೆ ತಲೆ ಬಡಿಸಿಕೊಂಡು, ಕೆಮ್ಮುತ್ತ ಕೆಲಸ ಮಾಡಿದರು. "ಮಹಾಬಳೇಶ್ವರದ ಮಂಜಿನಾಗ ಅದೇವಿ ಅಂತ ತಿಳಕೋರಿ," ಎಂದು ಧೈರ್ಯ ಹೇಳಿದೆ.

ಎರಡನೆಯ ವಾರ ಅದ್ಭುತ ನಡೆಯಿತು. ಗಂಗವ್ವ ಕಾಕು ನಗುತ್ತ ಬಂದಳು!

"ಜಿನ್ನಪ್ಪಾ, ನಿನ್ನ ಬಾಯಾಗ ಸಕ್ಕರಿ ಹಾಕ. ಹಪ್ಪಳದ ಮ್ಯಾಲ ಒಂದ ಎಳಿ ಬಿದ್ದಿಲ್ಲ ನೋಡು. ಹೋಟೆಲಿನವರು ಹೊಳ್ಳಿ ಮಾಲು ಕೇಳ್ಯಾರ."

ಫ್ಯಾನು ಬಂದ್ ಇದೆ, ಆದ್ದರಿಂದ ಧೂಳು ಹೊರಗೆ ಬರುತ್ತಿಲ್ಲ ಎಂಬುದು ಸಣ್ಣ ಹುಡುಗರಿಗೂ ಹೊಳೆಯುವ ಮಾತು. ನನಗೆ ಹೊಳೆಯಲಿಲ್ಲ. ಬೆಳೆಯುವ ಮೊದಲೇ ಅಣಬೆಗಳು ತಿನ್ನತೊಡಗಿವೆ ಎಂದು ಎದೆಯುಬ್ಬಿಸಿದೆ. ಅಕ್ಕಪಕ್ಕದ ಶೆಡ್ಡಿನವರಿಗೆ ಕರೆದು ಕರೆದು ಸಲಹೆ ಕೊಟ್ಟೆ. ಸುದೈವದಿಂದ ಯಾರೂ ಪಾಲಿಸಲಿಲ್ಲ.

ಮೂರು ವಾರವಾಗುತ್ತಲೇ ಚೀಲಗಳ ತೂತುಗಳಿಂದ ಬೆಳ್ಳಗಿನ, ಆನೆಯ ಕಿವಿಯಂಥ ಅಣಬೆಗಳು ಗೊಂಚಲು ಗೊಂಚಲಾಗಿ ಹೊರಬಂದವು. ಅಂದು ನನಗೆ ಚಹಾ ತಂದ ಸುನಂದಾ ಬಾಗಿಲಲ್ಲೇ ನಿಂತುಬಿಟ್ಟಳು. ಚಹಾದ ಕಪ್ಪನ್ನು ಹೊಸ್ತಿಲಾಚೆಯೇ ಇಟ್ಟಳು.

"ಇದೇನ್ರೀ ಔಷಧ?"

"ಹೂಂ."

"ಇದು ಅಣಬಿ!"

"ತಿನ್ನಾಕಲ್ಲ ಮಾರಾಯ್ತಿ, ಧೂಳಕ್ಕ."

"ತಿನ್ನಾಕಲ್ಲರೀ? ಒಂದೊಂದ್ರಾಗ ಅನಂತ ಜೀವ ಇರತಾವ ಅಂತ ಹುಟ್ಟಿದಾಗಿಂದ ಕೇಳೀರಿ. ಎಂಬತ್ತ ಚೀಲ ಅನಂತಾ! ಈಗ ಇವನ್ನ ಕಿತ್ತರ ಹಿಂಸಾ. ಒಣಗಿಸಿದ್ರ ಹಿಂಸಾ. ಮಾರಿದ್ರ ಕೊಂಡವರು ಕೊಯ್ತಾರ, ಅದೂ ಹಿಂಸಾ. ಹುಟ್ಟಿಸಿದವರು ನೀವು. ಸಾಕ್ರಿ ಇನ್ನ!"

ಅಂದಿನಿಂದ ನನಗೆ ಅಡುಗೆಮನೆಯ ಪ್ರವೇಶ ರದ್ದಾಯಿತು. ತಾಟು ಪಡಸಾಲೆಗೆ ಬರತೊಡಗಿತು.

ನನ್ನ ತಲೆ ಗೊಂದಲದ ಗೂಡಾಯಿತು. ಆಸರೆಗೆ ಲೆಕ್ಕಾಚಾರವನ್ನೇ ಹಿಡಿದೆ. ಹತ್ತು ಕಿಲೋ ಧೂಳು ಹಾಕಿದ್ದೆನಲ್ಲ, ಎಷ್ಟು ಉಳಿದಿದೆ ನೋಡೋಣವೆಂದು ಕೆಲವು ಚೀಲ ಬಿಚ್ಚಿ, ಧೂಳನ್ನು ಬೇರೆ ಮಾಡಿ ತೂಗಿದೆ. ಲೆಕ್ಕ ಹಾಕಿದರೆ ಹತ್ತು ಕಿಲೋ ಹದಿನಾರಾಗಿತ್ತು! ನನ್ನ ಆಯುಷ್ಯದಲ್ಲಿ ತಿಂದಷ್ಟೂ ಹೆಚ್ಚಾಗುವ ಸರಕನ್ನು ನಾನು ಕಂಡಿರಲಿಲ್ಲ. ರತ್ನಮಾಲಾಳಿಗೆ ಫೋನು ಮಾಡಿದೆ.

"ಅವ್ವಾ, ನಿನ್ನ ಅಣಬಿ ಪ್ಲಾಸ್ಟಿಕ್ ತಿನ್ನಾಕತ್ತಿಲ್ಲ, ತಯಾರ ಮಾಡಾಕತ್ತೈತಿ!"

"ಮಾಮಾ... ನೀವು ಖರೇನ ಮಾಡಿದ್ರೇನು? ದಿನಾ ನೀರ ಹೊಡಿಯಾಕತ್ತೀರಲ್ಲ, ಅದು ನೀರಿನ ತೂಕ. ಒಣಗಿಸಿ ನೋಡ್ರಿ."

ಒಣಗಿಸಿದೆ. ತೂಕ ಇಳಿಯಿತು. ಮುಖವರಳಿಸಿ ಮತ್ತೆ ಫೋನು ಮಾಡಿದೆ. ಉಳಿದದ್ದು ಹೇಗಿದೆ ಎಂದು ಕೇಳಿದಳು. ನುಣ್ಣಗೆ, ಮಿರಮಿರ ಮಿಂಚುತ್ತಿದೆ, ಹೊಸದರ ಹಾಗಿದೆ ಎಂದೆ.

"ಅಂದ್ರ ಹತ್ತಿ ತಿಂದೈತಿ, ಪಾಲಿಯೆಸ್ಟರ್ ಹಂಗ ಬಿಟ್ಟೈತಿ. ಅಣಬಿಗೆ ಹತ್ತಿ ಅಂದ್ರ ಭಾಳ ಪ್ರೀತಿ ಮಾಮಾ."

ಆಗ ನನಗೆ ನೂಲಿನ ಮೂಟೆಗಳು ನೆನಪಾದವು. ಓಡಿಹೋಗಿ ಮೇಲಿನ ಚೀಲ ಎತ್ತಿದೆ. ಬೇರಿನಂಥ ಬಿಳಿ ಎಳೆಗಳು ಚೀಲದ ತೂತುಗಳಿಂದ ಇಳಿದು, ಗೋಣಿಯನ್ನು ದಾಟಿ, ನೂಲಿನ ಕೋನುಗಳೊಳಗೆ ಸಂಸಾರ ಹೂಡಿದ್ದವು. ಬಿಟ್ಟಿ ಕೊಟ್ಟ ಪಾಲಿಯೆಸ್ಟರನ್ನು ಬದಿಗೆ ಸರಿಸಿ, ನಾನು ಆರಿಸಿ ತಂದ ಒಳ್ಳೆಯ ಹತ್ತಿಯನ್ನೇ ತಿಂದಿದ್ದವು. ಉಪ್ಪಿಟ್ಟಿನಲ್ಲಿ ಮೆಣಸಿನಕಾಯಿ ಆರಿಸಿ ತಾಟಿನ ಅಂಚಿಗಿಡುವ ಮಕ್ಕಳ ಜಾತಿ!

ಇನ್ನು ವಿಲೇವಾರಿ ಮಾಡಬೇಕಿತ್ತು. ಆರು ಜನ ನೇಕಾರರು, "ಶೇಟ್, ನಮಗ ಕೊಡ್ರಿ, ನಾವು ತಿಂತೇವಿ," ಎಂದರು. ಸುನಂದಾ ಕಣ್ಣು ಬಿಟ್ಟಳು. ಅದನ್ನೂ ಲೆಕ್ಕಿಸದೆ ಕೊಡುತ್ತಿದ್ದೆನೇನೋ, ಆದರೆ ರತ್ನಮಾಲಾ ಫೋನಿನಲ್ಲೇ ಕಿರುಚಿದಳು: "ಯಾರೂ ತಿನಬ್ಯಾಡ್ರಿ! ನೂಲಿನ ಬಣ್ಣ, ಎಣ್ಣಿ ಏನೇನ ಹೀರಿಕೊಂಡಾವೋ!" ಹಳಸಿದ ಬೆಲ್ಲಕ್ಕೂ ಗಿರಾಕಿ ಹುಡುಕಿದ ನನಗೆ, ಮೊದಲ ಸಲ ಮಾರಲಾಗದ, ಎಸೆಯಲಾಗದ, ಬಿಟ್ಟಿ ಕೊಡಲೂ ಆಗದ ಮಾಲು ಕೈಗೆ ಬಂದಿತ್ತು. ಅದೂ ದಿನದಿಂದ ದಿನಕ್ಕೆ ಅರಳುತ್ತಿತ್ತು!

ಹುಣ್ಣಿಮೆ ಬಂತು. ಬೆಳಗ್ಗೆ ಹತ್ತಕ್ಕೆ ಅಪ್ಪಾಸಾಹೇಬ ದಾದಾ ನಾಲ್ವರೊಂದಿಗೆ ಪರೀಕ್ಷೆಗೆ ಬಂದರು. ಗಂಗವ್ವ ಕಾಕು ಮಾಳಿಗೆಯ ಮೇಲೆ ಹಪ್ಪಳ ಹರಡಿ, ಅಲ್ಲಿಂದಲೇ ಬಗ್ಗಿ ನೋಡುತ್ತಿದ್ದಳು. ನಿಜ ಹೇಳಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ದಾದಾ ಶೆಡ್ಡಿನೊಳಗೆ ಕಾಲಿಟ್ಟು ಸಾಲು ಸಾಲು ಬೆಳ್ಳನೆಯ ಗೊಂಚಲುಗಳನ್ನು ಕಂಡು, "ಅರೇ ವಾ!" ಎಂದುಬಿಟ್ಟರು. ಹೊಗಳಿಕೆ ಕೇಳಿದ ಮೇಲೆ ನಿಜ ಹೇಳುವುದು ಯಾರಿಗೂ ಕಷ್ಟ.

"ಸನ್ಮಾನ್ಯ ಹಿರಿಯರೇ," ಎಂದು ಶುರು ಮಾಡಿದೆ, "ಪರಿಸರ ಸಂರಕ್ಷಣೆಯ ಈ ಪವಿತ್ರ ಕಾರ್ಯದಲ್ಲಿ..."

"ಅದಿರಲಿ ಜಿನ್ನಪ್ಪಾ. ಫ್ಯಾನ್ ಹಚ್ಚು, ನೋಡೂಣು."

"ಫ್ಯಾನ್ ಯಾಕ್ರಿ ದಾದಾ?"

"ಧೂಳ ಹೋಗೇತಿ ಅಂದ್ಯಲ್ಲ. ಹಚ್ಚು."

ಹಚ್ಚಿದೆ. ಒಂದು ತಿಂಗಳ ಧೂಳು ಫ್ಯಾನಿನ ಬಾಯಲ್ಲಿ ಕಾದು ಕೂತಿತ್ತು. ಅದು ಸಾಲದೆಂದು, ಪೂರ್ತಿ ಅರಳಿದ ಅಣಬೆಗಳು ಹಿಟ್ಟಿನಂಥ ಬಿಳಿ ಬೀಜದ ಪುಡಿಯನ್ನು ಕೆಡವುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಫ್ಯಾನಿಗೆ ಗೊತ್ತಾಯಿತು! ಬಿಳಿಯ ಮೋಡವೊಂದು ಭುಸ್ಸೆಂದು ಎದ್ದು, ಕಿಂಡಿ ದಾಟಿ, ಮಾಳಿಗೆಯ ಮೇಲೇರಿ, ಸಾವಕಾಶವಾಗಿ ಇಳಿಯಿತು. ಹಪ್ಪಳದ ಮೇಲೆ. ಗಂಗವ್ವ ಕಾಕುವಿನ ಮೇಲೆ.

ಎಲ್ಲರೂ ಕೆಮ್ಮಿದೆವು. ಕೆಮ್ಮು ನಿಂತಾಗ ಮೇಲಿಂದ ಧ್ವನಿ ಬಂತು.

"ಮೊದಲ ಬರೇ ನೂಲ ಬರತಿತ್ತೋ ಜಿನ್ನಪ್ಪಾ. ಈಗ ನೂಲಿನ ಜೋಡಿ ಬಿತ್ತನಿ ಬೀಜಾನೂ ಬಂತು!"

"ಅನಂತ ಜೀವ!" ಎಂದು ಹಿತ್ತಲ ಬಾಗಿಲಿಂದ ಸುನಂದಾ ಹಣೆ ಬಡಿದುಕೊಂಡಳು.

ದಾದಾ ಮೀಸೆಯ ಮೇಲಿನ ಬಿಳಿ ಪುಡಿ ಒರೆಸಿಕೊಂಡು ಕೈ ಎತ್ತಿದರು. "ಕೀಲಿ."

ನೇಕಾರರು ಮಗ್ಗ ನಿಲ್ಲಿಸಿ ನನ್ನ ಮುಖ ನೋಡಿದರು. ಮಾತಾಡಿದವಳು ಗಂಗವ್ವ ಕಾಕು. ತಲೆಯ ಪುಡಿ ಕೊಡವುತ್ತ ಕೆಳಗಿಳಿದು ಬಂದಿದ್ದಳು.

"ಕೀಲಿ ಬ್ಯಾಡ್ರಿ ದಾದಾ. ಒಳಗ ಆರು ಮಂದಿ ಹೊಟ್ಟಿ ಐತಿ. ನನ್ನ ಹೊಟ್ಟಿ ಸಲುವಾಗಿ ಅವರದನ್ಯಾಕ ಹೊಡೀಲಿ? ಆ ಫ್ಯಾನ್ ಕಿತ್ತು ಈ ಗ್ವಾಡಿಯಿಂದ ಆ ಗ್ವಾಡಿಗೆ ಹಚ್ಚಸ್ರಿ. ಮುಗೀತು."

ಆ ಗೋಡೆಯ ಆಚೆ ಇರುವುದು ನನ್ನ ಮನೆಯ ಪಡಸಾಲೆ.

"ಕಾಕು," ಎಂದೆ ಮೆಲ್ಲಗೆ, "ಅರ್ಧ ದಿನ ಆ ಕಡೆ, ಅರ್ಧ ದಿನ ಈ ಕಡೆ..."

ಕಾಕು ನಕ್ಕಳು. ಈ ನಗುವಿಗೆ ಬೇರೆ ಅರ್ಥವಿದೆ ಎಂದು ನನ್ನಂಥವನಿಗೂ ತಿಳಿಯಿತು. ಕೆಟ್ಟ ಹಪ್ಪಳಕ್ಕೆ ಬದಲಾಗಿ ಅಷ್ಟೇ ಉದ್ದು ತಂದುಕೊಡುತ್ತೇನೆಂದು ಒಪ್ಪಿಕೊಂಡೆ. ಆ ವಿಷಯದಲ್ಲಿ ಚೌಕಾಶಿ ಮಾಡಲಿಲ್ಲ. ಮಾಡಲು ಬಾಯಿ ತೆರೆದಾಗ ಸುನಂದಾ ಕೆಮ್ಮಿದಳು.

ಸಂಜೆಯೊಳಗೆ ಫ್ಯಾನು ಗೋಡೆ ಬದಲಿಸಿತು. ರತ್ನಮಾಲಾ ಬಂದು ಹತ್ತು ಚೀಲಗಳನ್ನು ಪ್ರಯೋಗಕ್ಕೆಂದು ಒಯ್ದಳು. ಉಳಿದವನ್ನು, ಸುನಂದಾಳ ಅಪ್ಪಣೆಯಂತೆ, ನಮ್ಮ ಹೊಲದ ಮಾವಿನ ಮರದ ನೆರಳಿಗೆ ಒಯ್ದು, ತಮ್ಮ ಆಯುಷ್ಯ ತಾವು ಮುಗಿಸಲೆಂದು ಗೌರವದಿಂದ ಇಟ್ಟು ಬಂದೆ. ಪ್ಲಾಸ್ಟಿಕ್ ಧೂಳು ಅವುಗಳ ಜೊತೆ ಮಣ್ಣಿಗೆ ಸೇರಬಾರದೆಂದು ಕೆಳಗೆ ತಾಡಪತ್ರಿ ಹಾಸಿದೆ. ತಾಡಪತ್ರಿಯೂ ಪ್ಲಾಸ್ಟಿಕ್ಕಿನದು ಎಂದು ಮನೆಗೆ ಬಂದ ಮೇಲೆ ಹೊಳೆಯಿತು.

ಹೊಸ ಜಾಗದ ಫ್ಯಾನಿಗೆ ಧೂಳು ಹಿಡಿಯುವ ಜಾಳಿಗೆಯ ಪೆಟ್ಟಿಗೆ ಮಾಡಿಸಲು ತಗಡು-ಪತ್ರಾಸಿನ ಕೆಲಸದವನನ್ನು ಗೊತ್ತು ಮಾಡಿದ್ದೇನೆ. ಆದರೆ ಅವನ ಜೊತೆ ಎಷ್ಟು ಅದ್ಭುತವಾಗಿ ಚೌಕಾಶಿ ಮಾಡಿದೆನೆಂದರೆ, ಕರೆದಾಗಲೆಲ್ಲ "ನಾಳೆ ಬರತೇನ್ರೀ" ಎನ್ನುತ್ತಾನೆ. ಮೂರು ವಾರವಾಯಿತು. ಸುನಂದಾ ಇನ್ನೂ ನನ್ನನ್ನು ಅಡುಗೆಮನೆಯೊಳಗೆ ಬಿಟ್ಟಿಲ್ಲ. ಮೈಗೆ ಅಂಟಿದ ಪುಡಿ ಹೋಗಿದೆ ಎಂಬ ನಂಬಿಕೆ ಆಕೆಗಿಲ್ಲ. ಎರಡೂ ಹೊತ್ತು ಪಡಸಾಲೆಯಲ್ಲಿ, ಫ್ಯಾನಿನೆದುರು ಊಟ.

ಮೊನ್ನೆ ಊಟಕ್ಕೆ ಕೂತಾಗ ರತ್ನಮಾಲಾಳ ಫೋನು ಬಂತು.

"ಮಾಮಾ, ಒಯ್ದ ಚೀಲ ದಿನಾ ನೋಡಾಕತ್ತೇನಿ. ಪಾಲಿಯೆಸ್ಟರ್ ಮುಟ್ಟವಲ್ಲವು ನೋಡ್ರಿ. ಅದನ್ನ ತಿನ್ನೂ ಜೀವ ಇನ್ನೂ ಸಿಕ್ಕಿಲ್ಲ."

ನಾನು ತಾಟು ನೋಡಿದೆ. ಬೇಳೆಸಾರಿನ ಮೇಲೆ ಒಂದು ಗುಲಾಬಿ ಎಳೆ, ಎರಡು ನೀಲಿ. ಮೊಸರನ್ನದ ಮೇಲೆ ತೆಳ್ಳಗೆ ಹಸಿರು. ತುತ್ತು ಕಲೆಸಿದೆ.

"ಸಿಕ್ಕೈತಿ ತಗೋವಾ," ಎಂದೆ. "ಆದ್ರ ಅದು ಅಣಬಿ ಅಲ್ಲ."